ಚೌತಿಗೆ ಇನ್ನೂ ಎಷ್ಟು ದಿನ, ಅಕ್ಕೋರೆ?

ಇವತ್ತಿನ ಮಾತನ್ನು ಒಂದು ಲೆಕ್ಕದಿಂದ ಶುರು ಮಾಡ್ತೇನೆ. 2024ರಲ್ಲಿ ಗಣೇಶ ಚೌತಿ ಬಂದಿದ್ದು ಸೆಪ್ಟೆಂಬರ್ 7ಕ್ಕೆ. 2025ರಲ್ಲಿ ಆಗಸ್ಟ್ 27ಕ್ಕೆ. ಈ ವರ್ಷ ಸೆಪ್ಟೆಂಬರ್ 14, ಸೋಮವಾರ. ಅಂದ್ರೆ ಹೋದ ಸಲ ಒಂದು ಚೌತಿಯಿಂದ ಇನ್ನೊಂದಕ್ಕೆ 354 ದಿನ. ಈ ಸಲ 383 ದಿನ. 29 ದಿನ ಜಾಸ್ತಿ.

ಕಾರಣ ನಿಮಗೆ ಗೊತ್ತೇ ಇದೆ, ಈ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು. ಚಂದ್ರನ ಲೆಕ್ಕದ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ. ಆ ಕೊರತೆ ಒಟ್ಟಾಗಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳನ್ನೇ ಸೇರಿಸಬೇಕಾಗುತ್ತೆ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಆ ಹೆಚ್ಚುವರಿ ತಿಂಗಳು. ಅಧಿಕ ಮಾಸದಲ್ಲಿ ಅಳಿಯಂದಿರಿಗೆ ಊಟ ಉಡುಗೊರೆ ಎಲ್ಲ ಸಿಗುತ್ತೆ, ಅವರಿಗೆ ಲಾಭ. ಮಕ್ಕಳಿಗೆ ಮಾತ್ರ ಹಬ್ಬ ಒಂದು ತಿಂಗಳು ಹಿಂದಕ್ಕೆ.

ದೊಡ್ಡವರು ಯಾರೂ ಇದನ್ನು ಅಷ್ಟಾಗಿ ಗಮನಿಸಿಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗ ಗಮನಿಸಿದ್ದಾನೆ. ಆಗಸ್ಟ್ ಒಂದನೇ ತಾರೀಕು ಕ್ಲಾಸಿನ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದೆವು. ಅವನು ಬಂದು ಅದರ ಮುಂದೆ ನಿಂತ. ಮೇಲಿಂದ ಕೆಳಗೆ ನೋಡಿದ. ಆಮೇಲೆ ಕೇಳಿದ: "ಅಕ್ಕೋರೆ, ಹೋದ ವರ್ಷ ಚೌತಿ ಈ ಹಾಳೇಲಿ ಇತ್ತು. ಎಲ್ಲಿ ಹೋಯ್ತು?" ನಾನು ಇನ್ನೊಂದು ಹಾಳೆ ಎತ್ತಿ ತೋರಿಸಿದೆ. ಅವನ ಮುಖ ನೋಡಬೇಕಿತ್ತು. ಯಾರೋ ಬೇಕಂತಲೇ ಅಡಗಿಸಿಟ್ಟ ಹಾಗೆ. ಅದೇ ವಾರ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು ಹೇಳ್ತಿದ್ದರು, "ಅಯ್ಯೋ, ಚೌತಿ ಬಂದೇ ಬಿಡ್ತಲ್ಲ, ಮನೆಗೆ ಸುಣ್ಣ ಬಳಿಯೋದೂ ಆಗಿಲ್ಲ." ಒಂದೇ ಊರು, ಒಂದೇ ತಾರೀಕು. ಒಬ್ಬರಿಗೆ ಬಂದೇ ಬಿಟ್ಟಿದೆ, ಇನ್ನೊಬ್ಬನಿಗೆ ಬರುವ ಲಕ್ಷಣವೇ ಇಲ್ಲ.

ಊರು ಕುಂಬಾರವಾಡ. ಜೋಯಿಡಾದಿಂದ ಉಳವಿಗೆ ಹೋಗುವ ದಾರಿಯಲ್ಲಿ ಸಿಗುತ್ತೆ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಊರು ಅಂದ್ರೂ ಒತ್ತಾಗಿ ಮನೆಗಳಿರುವ ಊರಲ್ಲ, ಕಾಡಿನೊಳಗೆ ಅಲ್ಲೊಂದು ಇಲ್ಲೊಂದು ಮಜಿರೆ. ಕುಣಬಿಯರು, ಮರಾಠರು, ಗೌಳಿಗಳು, ಹವ್ಯಕರು ಎಲ್ಲ ಇರುವ ತಾಲ್ಲೂಕು ನಮ್ಮದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬೇಕಾದಷ್ಟು. ಗೋವಾದ ಗಡಿ ನಮ್ಮ ತಾಲ್ಲೂಕಿಗೇ ತಾಗಿದೆ. ಹಾಗಾಗಿ ಇಲ್ಲಿಂದ ತುಂಬ ಜನ ದುಡಿಯೋಕೆ ಗೋವಾಕ್ಕೆ ಹೋಗ್ತಾರೆ. ಹೋಟೆಲು, ಕಟ್ಟಡದ ಕೆಲಸ, ಕಾರ್ಖಾನೆ. ಗಡಿ ಹತ್ತಿರ ಇದ್ದರೂ ವಾರ ವಾರ ಬರೋಕಾಗಲ್ಲ. ಬರುವುದು ಚೌತಿಗೆ, ಶಿಗ್ಮೋಗೆ, ಮನೆಯಲ್ಲಿ ಏನಾದ್ರೂ ಕಾರ್ಯ ಇದ್ರೆ.

ಇದನ್ನು ಮೊದಲೇ ಯಾಕೆ ಹೇಳ್ತಿದ್ದೇನೆ ಅಂದ್ರೆ, ನಮ್ಮ ಮಕ್ಕಳು ಚೌತಿಗೆ ಕಾಯ್ತಾರೆ ಅಂದಾಗ ಮೋದಕಕ್ಕೋ ಪಟಾಕಿಗೋ ಕಾಯ್ತಾರೆ ಅಂತ ಮಾತ್ರ ಅಂದುಕೋಬೇಡಿ. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ತುಂಬ ಮಕ್ಕಳಿಗೆ ಚೌತಿ ಅಂದ್ರೆ ಅಪ್ಪ ಬರುವ ದಿನ. ಕೆಲವರಿಗೆ ಅಮ್ಮ ಬರುವ ದಿನ. ಹಾಸ್ಟೆಲ್ಲಿನಲ್ಲಿ ಇರುವ ಮಕ್ಕಳಿಗೆ ತಾವೇ ಮನೆಗೆ ಹೋಗುವ ದಿನ.

ಈಗ ಮಕ್ಕಳಿಗೆ ಕಾಲ ಯಾಕೆ ಇಷ್ಟು ಉದ್ದ ಅನ್ನೋ ಪ್ರಶ್ನೆಗೆ ಬರೋಣ. ಇದಕ್ಕೆ ಎಲ್ಲರೂ ಹೇಳುವ ಒಂದು ಉತ್ತರ ಇದೆ. 1877ರಲ್ಲಿ ಫ್ರಾನ್ಸಿನ ತತ್ವಶಾಸ್ತ್ರಜ್ಞ ಪಾಲ್ ಜಾನೆ ಬರೆದಿದ್ದು. ಒಂದು ವರ್ಷ ಎಷ್ಟು ಉದ್ದ ಅನ್ನಿಸುತ್ತೆ ಅನ್ನೋದು ನಾವು ಅಲ್ಲಿಯವರೆಗೆ ಎಷ್ಟು ವರ್ಷ ಬದುಕಿದ್ದೇವೆ ಅನ್ನೋದರ ಮೇಲೆ ನಿಂತಿದೆ ಅಂತ. ಆರು ವರ್ಷದ ಮಗುವಿಗೆ ಒಂದು ವರ್ಷ ಅಂದ್ರೆ ಇಡೀ ಬದುಕಿನ ಆರನೇ ಒಂದು ಪಾಲು. ಅರವತ್ತರ ಅಜ್ಜಿಗೆ ಅರವತ್ತನೇ ಒಂದು ಪಾಲು. ಈ ಲೆಕ್ಕದಲ್ಲಿ ಚೌತಿಯಿಂದ ಚೌತಿಗೆ ಮಗು ಕಾಯೋದು, ಅಜ್ಜಿ ಹತ್ತು ವರ್ಷ ಕಾದ ಹಾಗೆ. ಕೇಳೋಕೆ ಚೆನ್ನಾಗಿದೆ. ಐದನೇ ಕ್ಲಾಸಿನಲ್ಲಿ ಭಿನ್ನರಾಶಿ ಪಾಠ ಮಾಡುವಾಗ ನಾನೇ ಇದನ್ನು ಉದಾಹರಣೆ ಕೊಟ್ಟಿದ್ದೇನೆ.

ಆದರೆ ಇದು ಪೂರ್ತಿ ಉತ್ತರ ಅಂತ ನನಗೆ ಅನ್ನಿಸಲ್ಲ. ಅಮೆರಿಕದ ವಿಲಿಯಂ ಜೇಮ್ಸ್ 1890ರ ತಮ್ಮ ಮನಃಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಜಾನೆಯ ಈ ಸೂತ್ರವನ್ನು ಎತ್ತಿಕೊಂಡು, ಇದು ಹೀಗೆ ಆಗುತ್ತೆ ಅಂತ ಹೇಳುತ್ತೆ, ಯಾಕೆ ಆಗುತ್ತೆ ಅಂತ ಹೇಳಲ್ಲ ಅನ್ನುವ ಅರ್ಥದ ಮಾತು ಬರೆದರು. ಅವರ ಪ್ರಕಾರ ಕಾರಣ ನೆನಪಿನಲ್ಲಿದೆ. ಚಿಕ್ಕಂದಿನಲ್ಲಿ ದಿನಾ ಏನಾದರೂ ಹೊಸದು ನಡೆಯುತ್ತೆ, ಅದು ಬೇರೆ ಬೇರೆಯಾಗಿ ಮನಸ್ಸಿನಲ್ಲಿ ಉಳಿಯುತ್ತೆ. ವಯಸ್ಸಾದ ಹಾಗೆ ದಿನಗಳು ಒಂದರ ಹಾಗೆ ಇನ್ನೊಂದು. ಹಿಂತಿರುಗಿ ನೋಡಿದ್ರೆ ಎಲ್ಲ ಒಟ್ಟಿಗೆ ಅಂಟಿಕೊಂಡು ಒಂದೇ ದಿನದ ಹಾಗೆ ಕಾಣುತ್ತೆ.

ಇನ್ನೊಂದು ವಿಷಯ. 2005ರಲ್ಲಿ ಮಾರ್ಕ್ ವಿಟ್‌ಮನ್ ಮತ್ತು ಸಾಂಡ್ರಾ ಲೆನ್‌ಹಾಫ್ ಅನ್ನುವವರು ಜರ್ಮನಿ, ಆಸ್ಟ್ರಿಯಾದ 499 ಜನರನ್ನು ಕೇಳಿದರು. 14 ವರ್ಷದವರಿಂದ 94 ವರ್ಷದವರವರೆಗೆ. ಹೋದ ವಾರ ಹೇಗೆ ಹೋಯ್ತು, ಹೋದ ತಿಂಗಳು, ಹೋದ ವರ್ಷ, ಕಳೆದ ಹತ್ತು ವರ್ಷ ಹೇಗೆ ಹೋಯ್ತು ಅಂತ. ವಾರ, ತಿಂಗಳು, ವರ್ಷದ ವಿಷಯದಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲರೂ ಬೇಗ ಹೋಯ್ತು ಅಂದವರೇ. ವಯಸ್ಸಿನ ವ್ಯತ್ಯಾಸ ಕಂಡಿದ್ದು ಕಳೆದ ಹತ್ತು ವರ್ಷದ ಪ್ರಶ್ನೆಯಲ್ಲಿ. ಹಾಗಾದ್ರೆ "ನಮಗೆ ವಯಸ್ಸಾಯ್ತು, ಅದಕ್ಕೇ ವರ್ಷ ಓಡ್ತಿದೆ" ಅಂತ ನಾವು ಹೇಳೋದರಲ್ಲಿ ವಯಸ್ಸಿನ ಪಾಲು ನಾವು ಅಂದುಕೊಂಡಷ್ಟಿಲ್ಲ. ಗಡಿಬಿಡಿಯ ಪಾಲು ಇದೆ. ಕೆಲಸ ಮುಗಿಯೋಕೆ ಮೊದಲೇ ದಿನ ಮುಗಿಯುತ್ತೆ, ಅದಕ್ಕೇ ಬೇಗ ಹೋಯ್ತು ಅನ್ನಿಸುತ್ತೆ.

ಹಬ್ಬದ ಹಿಂದಿನ ದಿನ ಯಾವುದಾದರೂ ಅಡುಗೆಮನೆಗೆ ಹೋಗಿ ನೋಡಿ. ಅಮ್ಮನಿಗೆ ಹೊತ್ತೇ ಸಾಲ್ತಾ ಇಲ್ಲ. ಕಾಯಿ ತುರಿಯಬೇಕು, ಅಕ್ಕಿ ನೆನೆಸಬೇಕು, ಒದ್ದೆ ಕಟ್ಟಿಗೆ ಹೊಗೆ ಹಾಕ್ತಾ ಇದೆ, ನೆಂಟರು ಎಷ್ಟೊತ್ತಿಗೆ ಬರ್ತಾರೋ ಗೊತ್ತಿಲ್ಲ. ಅಲ್ಲೇ ಬಾಗಿಲ ಹತ್ತಿರ ಮಗು ನಿಂತಿದೆ. ಅದಕ್ಕೆ ಮಾಡೋಕೆ ಏನೂ ಇಲ್ಲ. "ಆಯ್ತಾ? ಇನ್ನೂ ಎಷ್ಟೊತ್ತು?" ಅಂತ ಐದು ನಿಮಿಷಕ್ಕೊಮ್ಮೆ. ಅಮ್ಮನಿಗೆ ಸಿಟ್ಟು ಬರದೇ ಏನು ಮಾಡುತ್ತೆ? ಆದರೆ ಮಗುವಿನ ಕಡೆಯಿಂದ ನೋಡಿ. ಬೇರೆ ಏನೂ ಕೆಲಸ ಇಲ್ಲದೆ ಕಾಲವನ್ನೇ ನೋಡ್ತಾ ಕೂತರೆ ಕಾಲ ಉದ್ದ ಆಗುತ್ತೆ. ಇದು ದೊಡ್ಡವರಿಗೂ ಅಷ್ಟೇ. ಜೋಯಿಡಾ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಬಸ್ಸಿಗೆ ಕಾದು ನೋಡಿ, ಐವತ್ತು ವರ್ಷದವರಿಗೂ ಆರು ವರ್ಷದ ಮಕ್ಕಳ ಹಾಗೆ ಆಗುತ್ತೆ.

ನಮ್ಮ ಕಡೆ ಇದಕ್ಕೊಂದು ಹಳೇ ಉಪಾಯ ಇದೆ. ಉಪಾಯ ಅಂತ ಯಾರೂ ಮಾಡಿದ್ದಲ್ಲ, ಹಾಗೇ ನಡೆದುಬಂದಿದ್ದು. ಗಣಪತಿ ಕೂರಿಸುವ ಜಾಗದ ಮೇಲೆ ಫಲಾವಳಿ ಕಟ್ಟುವುದು ನಿಮಗೆ ಗೊತ್ತಿರಬಹುದು. ಗೋವಾದ ಕಡೆ ಮಾಟೊಳಿ ಅಂತಾರೆ. ಚೌಕಟ್ಟಿನ ತುಂಬ ಸೌತೆಕಾಯಿ, ಹೀರೆಕಾಯಿ, ತೆಂಗಿನಕಾಯಿ, ಅಡಿಕೆ ಗೊನೆ, ಕಾಡಿನ ಹಣ್ಣು, ಕಾಯಿ, ಹೂವು. ಅಂಗಡಿಯಲ್ಲಿ ಎಲ್ಲ ಸಿಗಲ್ಲ, ಕಾಡಿನದು ಕಾಡಿಂದಲೇ ಬರಬೇಕು. ಹಬ್ಬಕ್ಕೆ ಎರಡು ಮೂರು ದಿನ ಇದೆ ಅನ್ನುವಾಗ ಅಜ್ಜ ಇಲ್ಲಾ ಮಾಮ ಮಕ್ಕಳನ್ನು ಕರಕೊಂಡು ಹೊರಡ್ತಾರೆ. ಯಾವ ಬಳ್ಳಿ ಎಲ್ಲಿ ಹಬ್ಬಿದೆ, ಯಾವ ಕಾಯಿ ಮುಟ್ಟಬಾರದು, ಎಲ್ಲ ಅವರಿಗೆ ಗೊತ್ತು. ಮಕ್ಕಳು ಕೆಸರಿನಲ್ಲಿ ಜಾರಿ, ಕಾಲಿಗೆ ಇಂಬಳ ಹತ್ತಿಸಿಕೊಂಡು, ಚೀಲ ತುಂಬಿಸಿಕೊಂಡು ಬರ್ತಾರೆ. ಆ ಎರಡು ದಿನ "ಇನ್ನೂ ಎಷ್ಟು ದಿನ" ಅನ್ನೋ ಪ್ರಶ್ನೆ ಇರಲ್ಲ. ಆ ಮಕ್ಕಳೂ ಈಗ ಅಮ್ಮನ ಹಾಗೆ, ಹೊತ್ತು ಸಾಲ್ತಾ ಇಲ್ಲ ಅನ್ನೋ ಗುಂಪಿಗೆ ಸೇರಿದರು. ಪೇಟೆಯ ಮನೆಗಳಲ್ಲಿ ಹಬ್ಬದ ತಯಾರಿ ಪೂರ್ತಿ ದೊಡ್ಡವರ ಕೆಲಸ ಆಗಿದೆ. ಮಕ್ಕಳಿಗೆ ಮೊಬೈಲು ಕೊಟ್ಟು ಕೂರಿಸೋದು. ಮೊಬೈಲಿನಲ್ಲೂ ಹೊತ್ತು ಹೋಗುತ್ತೆ, ನಿಜ. ಆದರೆ ಆಮೇಲೆ ಕೇಳಿದರೆ ಒಂದೂ ನೆನಪಿರಲ್ಲ. ಇಂಬಳ ಹತ್ತಿದ್ದು ಮುಂದಿನ ಚೌತಿಗೂ ನೆನಪಿರುತ್ತೆ.

ನೆನಪಿನ ಮಾತು ಬಂತಲ್ಲ, ಇಲ್ಲಿಯ ಹಿರಿಯರ ವಿಷಯ ಒಂದು ಹೇಳಿ ಮುಂದೆ ಹೋಗ್ತೇನೆ. ನಮ್ಮ ತಾಲ್ಲೂಕಿನ ಹಳೇ ಹೆಸರು ಸೂಪಾ. 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟೆ ಎದ್ದು ಸೂಪಾ ಊರು ನೀರಿನಡಿ ಹೋಯ್ತು. ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದವು. ಆ ಕಾಲ ಕಂಡ ಅಜ್ಜಂದಿರನ್ನು ಮಾತಾಡಿಸಿ. ಇಸವಿ ಹೇಳಲ್ಲ. "ನೀರು ಬರೋಕೆ ಮುಂಚೆ", "ನೀರು ಬಂದ ಮೇಲೆ" ಅಂತಾರೆ. ನೀರು ಬರೋಕೆ ಮುಂಚಿನ ಇಪ್ಪತ್ತು ವರ್ಷದ ಕಥೆ ಹೇಳೋಕೆ ಒಂದು ಇಡೀ ಮಧ್ಯಾಹ್ನ ಬೇಕು. ಸಂತೆ ಎಲ್ಲಿ ಕೂರ್ತಿತ್ತು, ಹೊಳೆ ಎಲ್ಲಿ ದಾಟ್ತಿದ್ದೆವು, ಜಾತ್ರೆಗೆ ಎಲ್ಲಿ ಗಾಡಿ ನಿಲ್ತಿತ್ತು. ಆಮೇಲಿನ ನಲವತ್ತು ವರ್ಷ? "ಹೋಯ್ತು." ಒಂದೇ ಶಬ್ದ. ವಿಲಿಯಂ ಜೇಮ್ಸ್ ಹೇಳಿದ್ದು ಇದನ್ನೇ ಇರಬೇಕು ಅಂತ ನನಗೆ ಅನ್ನಿಸೋದು ಆ ಒಂದು ಶಬ್ದ ಕೇಳಿದಾಗ.

ಈಗ ಮತ್ತೆ ಮಕ್ಕಳ ಹತ್ತಿರ. ಮೂರು ನಾಲ್ಕು ವರ್ಷದ ಮಗು "ನಾಳೆ" ಅನ್ನೋ ಶಬ್ದ ಕಲಿತಿರುತ್ತೆ. ಅಳತೆ ಕಲಿತಿರಲ್ಲ. ನಾಳೆ ಅಂದ್ರೆ ಅದಕ್ಕೆ ಈಗ ಅಲ್ಲದ್ದು, ಅಷ್ಟೇ. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ "ಕಲ್" ಅನ್ನೋ ಒಂದೇ ಶಬ್ದ. ನಮ್ಮ ಕನ್ನಡದಲ್ಲಿ ಬೇರೆ ಬೇರೆ ಇದೆ, ನಮ್ಮ ಮಕ್ಕಳ ಕೊಂಕಣಿಯಲ್ಲೂ ನಾಳೆಗೆ "ಫಾಲ್ಯಾಂ" ಅಂತ ಬೇರೆಯೇ ಶಬ್ದ ಇದೆ. ಆದರೂ ಅಂಗನವಾಡಿಯ ಮಗು "ನಾಳೆ ಅಪ್ಪ ಬಂದಿದ್ದ" ಅನ್ನುತ್ತೆ. "ಇನ್ನು ಹತ್ತು ದಿನ" ಅನ್ನೋದು ಅದಕ್ಕೆ ತಲುಪಲ್ಲ. ಅದಕ್ಕೇ ಹಳೇ ಅಮ್ಮಂದಿರು "ಇನ್ನೆರಡು ಸಲ ಮಲಗಿ ಎದ್ದರೆ ಹಬ್ಬ" ಅಂತಿದ್ದರು. ಮಲಗೋದು ಏಳೋದು ಮಗುವಿಗೆ ಗೊತ್ತು.

ಮಗುವಿಗೆ ಅಳತೆ ಗೊತ್ತಿಲ್ಲ ಅನ್ನೋದನ್ನು ದೊಡ್ಡವರು ಬಳಸಿಕೊಳ್ಳೋದೂ ಉಂಟು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನಿಮಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮರುದಿನ ಬಂದರೆ ಮತ್ತೆ "ನಾಳೆ ಬಾ". ದೆವ್ವಕ್ಕೆ ಹೇಳಿದ್ದು ಸರಿ. ಮನೆಯೊಳಗೆ ಮಕ್ಕಳಿಗೂ ನಾವು ಅದನ್ನೇ ಹೇಳ್ತಾ ಬಂದಿದ್ದೇವೆ. ಸೈಕಲ್ ಯಾವಾಗ? ನಾಳೆ. ಅಜ್ಜಿ ಮನೆಗೆ ಯಾವಾಗ? ನಾಳೆ. ಅಪ್ಪ ಯಾವಾಗ ಬರ್ತಾರೆ? ನಾಳೆ ಬರ್ತಾರೆ, ಮಲಗು. ದೆವ್ವಕ್ಕಿಂತ ಮಕ್ಕಳು ಚುರುಕು. ಮೂರನೇ ಸಲಕ್ಕೆ ಅವರಿಗೆ ಅರ್ಥ ಆಗಿರುತ್ತೆ.

ಇಲ್ಲಿ ಒಂದು ಪ್ರಸಿದ್ಧ ಪ್ರಯೋಗದ ವಿಷಯ ಹೇಳಬೇಕು. ಶಿಕ್ಷಕರ ತರಬೇತಿಗಳಲ್ಲಿ, ವಾಟ್ಸಾಪ್ ಮೆಸೇಜುಗಳಲ್ಲಿ ನೀವೂ ಕೇಳಿರಬಹುದು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ 1970ರ ಸುಮಾರಿಗೆ ಮಾಡಿದ್ದು. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೋ, ಅಂದ್ರೆ ಹತ್ತಿಯ ಹಾಗೆ ಮೆತ್ತಗಿರುವ ಸಿಹಿ, ಇಡ್ತಾರೆ. ನಾನು ವಾಪಸ್ ಬರೋವರೆಗೆ ತಿನ್ನದೆ ಕಾದರೆ ಎರಡು ಕೊಡ್ತೇನೆ ಅಂತ ಹೇಳಿ ಹೋಗ್ತಾರೆ. ಕೆಲವು ಮಕ್ಕಳು ಕಾದವು, ಕೆಲವು ತಿಂದವು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಬಂದರು ಅಂತ ಆಮೇಲೆ ವರದಿಗಳು ಬಂದವು. ಅಲ್ಲಿಂದ ಶುರುವಾಯ್ತು ನೋಡಿ, "ತಾಳ್ಮೆ ಇರುವ ಮಗು, ತಾಳ್ಮೆ ಇಲ್ಲದ ಮಗು" ಅಂತ ಮಕ್ಕಳನ್ನು ಎರಡು ಸಾಲಿನಲ್ಲಿ ನಿಲ್ಲಿಸೋದು.

ಇದರ ಮುಂದಿನ ಭಾಗ ಅಷ್ಟು ಪ್ರಸಿದ್ಧ ಆಗಲಿಲ್ಲ. 2013ರಲ್ಲಿ ಸೆಲೆಸ್ಟ್ ಕಿಡ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಯವರು ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಕೆಲಸ ಪ್ರಕಟವಾಯ್ತು. ಅವರು ಮೂರರಿಂದ ಐದು ವರ್ಷದ 28 ಮಕ್ಕಳನ್ನು ತಗೊಂಡರು. ಸಿಹಿ ಇಡೋಕೆ ಮೊದಲು ಚಿತ್ರ ಬಿಡಿಸೋಕೆ ಕೂರಿಸಿದರು. ಹಳೇ ಬಣ್ಣದ ಕಡ್ಡಿ ಕೊಟ್ಟು, "ಸ್ವಲ್ಪ ಕಾಯಿ, ಇದಕ್ಕಿಂತ ಚೆನ್ನಾಗಿರೋದು ತರ್ತೇನೆ" ಅಂತ ಹೇಳಿ ಹೋದರು. ಅರ್ಧ ಮಕ್ಕಳಿಗೆ ನಿಜವಾಗಿ ಹೊಸ ಬಣ್ಣ ತಂದುಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಯಲ್ಲಿ ಬಂದು, "ಇಲ್ಲ, ಸಿಗಲಿಲ್ಲ" ಅಂದರು. ಸ್ಟಿಕ್ಕರಿನ ವಿಷಯದಲ್ಲೂ ಇನ್ನೊಮ್ಮೆ ಹಾಗೇ ಮಾಡಿದರು. ಆಮೇಲೆ ಸಿಹಿ ಇಟ್ಟರು. ಮಾತು ಉಳಿಸಿಕೊಂಡವರ ಹತ್ತಿರ ಇದ್ದ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರ ಹತ್ತಿರ ಇದ್ದವು 3 ನಿಮಿಷ. ಪೂರ್ತಿ 15 ನಿಮಿಷ ಕಾದಿದ್ದು ಮೊದಲ ಗುಂಪಿನ 14ರಲ್ಲಿ 9 ಮಕ್ಕಳು, ಎರಡನೇ ಗುಂಪಿನ 14ರಲ್ಲಿ ಒಂದೇ ಒಂದು.

ಸಣ್ಣ ಪ್ರಯೋಗ, 28 ಮಕ್ಕಳು ಅಷ್ಟೇ. ಅದನ್ನು ಹಿಡಿದು ಲೋಕಕ್ಕೆಲ್ಲ ನಿಯಮ ಮಾಡೋಕಾಗಲ್ಲ. ಆದರೂ ನನಗೆ ಇದು ನಮ್ಮ ಕ್ಲಾಸಿನ ವಿಷಯ ಅನ್ನಿಸ್ತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಅವರ ಜೊತೆಯವರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮಿಶೆಲ್ ಅವರ ತೀರ್ಮಾನವನ್ನು ಪರೀಕ್ಷೆ ಮಾಡಿದರು. ಮನೆಯ ಆದಾಯ, ತಾಯಿಯ ಓದು ಇಂಥವನ್ನು ಲೆಕ್ಕಕ್ಕೆ ತಗೊಂಡ ಮೇಲೆ, ಕಾದಿದ್ದಕ್ಕೂ ಮುಂದಿನ ಓದಿಗೂ ಇರುವ ಸಂಬಂಧ ಬಹಳ ಕಡಿಮೆ ಆಯ್ತು. ತಟ್ಟೆಯಲ್ಲಿ ಇವತ್ತು ಇದ್ದದ್ದು ನಾಳೆ ಇರುತ್ತೆ ಅನ್ನೋ ಖಾತ್ರಿ ಇರುವ ಮನೆಯ ಮಗು ಕಾಯುತ್ತೆ. ಖಾತ್ರಿ ಇಲ್ಲದ ಮನೆಯ ಮಗು ಸಿಕ್ಕಿದ್ದನ್ನು ಈಗಲೇ ತಿನ್ನುತ್ತೆ. ಅದನ್ನು ನಾವು ಹಠ ಅಂತೇವೆ, ಆಸೆಬುರುಕ ಅಂತೇವೆ. ಅದು ಮಗುವಿನ ಲೆಕ್ಕಾಚಾರ ಅಂತ ನಾನು ಹೇಳ್ತೇನೆ.

ಗೋವಾದಲ್ಲಿ ಅಪ್ಪ ಇರುವ ಮಗುವಿನ ವಿಷಯ ತಗೊಳ್ಳಿ. ಫೋನಿನಲ್ಲಿ ಅಪ್ಪ "ಚೌತಿಗೆ ಬರ್ತೇನೆ, ಬ್ಯಾಗ್ ತರ್ತೇನೆ" ಅಂತಾನೆ. ಸುಳ್ಳು ಹೇಳ್ತಿಲ್ಲ, ಅವನಿಗೂ ಬರಬೇಕು ಅಂತಲೇ ಇದೆ. ಆದರೆ ಹೋಟೆಲುಗಳಿಗೆ ಹಬ್ಬದ ಸಮಯದಲ್ಲೇ ಗಿರಾಕಿ ಜಾಸ್ತಿ, ರಜೆ ಸಿಗಲ್ಲ. ಕಟ್ಟಡದ ಕೆಲಸದಲ್ಲಿ ಗುತ್ತಿಗೆದಾರ ಹಬ್ಬ ಮುಗಿದ ಮೇಲೆ ಪಗಾರ ಅಂತಾನೆ. ಕೈಯಲ್ಲಿ ದುಡ್ಡಿಲ್ಲದೆ ಹಬ್ಬಕ್ಕೆ ಮನೆಗೆ ಹೇಗೆ ಬರೋದು ಅಂತ ಇವನು ಅಲ್ಲೇ ಉಳೀತಾನೆ. ಮಗುವಿಗೆ ಈ ಕಾರಣ ಯಾವುದೂ ಕಾಣಲ್ಲ. ಕಾಣೋದು ಬಸ್ಸು ಬಂತು, ಅಪ್ಪ ಇಳೀಲಿಲ್ಲ ಅನ್ನೋದು. ಹೀಗೆ ಎರಡು ವರ್ಷ ಆದ ಮಗು ಮೂರನೇ ವರ್ಷ ಹಬ್ಬ ಹತ್ತಿರ ಬಂದಾಗ ಕ್ಲಾಸಿನಲ್ಲಿ ಕೂರಲ್ಲ. ಪಕ್ಕದವನಿಗೆ ಹೊಡೆಯುತ್ತೆ, ಬರೆಯೋದು ಬಿಡುತ್ತೆ. ಹಬ್ಬದ ಸಂಭ್ರಮ, ಮಂಗಾಟ ಅಂತ ನಾವು ಬೈತೇವೆ. ಅದರಲ್ಲಿ ಸಂಭ್ರಮ ಎಷ್ಟು, ಭಯ ಎಷ್ಟು ಅಂತ ಕೇಳೋಕೆ ಹೋಗಲ್ಲ.

ಕಾಯೋಕೆ ಕಷ್ಟ ಆಗೋದು ದಿನ ಎಷ್ಟು ಅನ್ನೋದರಿಂದ ಮಾತ್ರ ಅಲ್ಲ ಅನ್ನೋದಕ್ಕೆ ನಮ್ಮ ಮಳೆ ರಜೆಯೂ ಒಳ್ಳೇ ಉದಾಹರಣೆ. ಜುಲೈ ತಿಂಗಳಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ತಾಲ್ಲೂಕುವಾರು ರಜೆ ಘೋಷಿಸ್ತಾರೆ. ಆದೇಶ ಹಿಂದಿನ ದಿನ ರಾತ್ರಿ ಬರುತ್ತೆ, ಕೆಲವು ಸಲ ಅದೇ ದಿನ ಬೆಳಿಗ್ಗೆ. ಆ ರಾತ್ರಿಗಳಲ್ಲಿ ಶಿಕ್ಷಕರ ಫೋನಿಗೆ ಬಿಡುವಿರಲ್ಲ. "ಅಕ್ಕೋರೆ, ನಾಳೆ ಐತಾ?" ಹಾಳಾದ ನೆಟ್‌ವರ್ಕು ಕೆಲವು ಮಜಿರೆಗಳಲ್ಲಿ ಸಿಗೋದೇ ಇಲ್ಲ. ಅಲ್ಲಿಯ ಮಕ್ಕಳು ಮಳೆಯಲ್ಲೇ ನಡೆದು ಬಂದು, ಬಾಗಿಲಿಗೆ ಬೀಗ ನೋಡಿ ವಾಪಸ್ ಹೋಗಬೇಕು. ಚೌತಿಗೆ 383 ದಿನ ಕಾಯೋ ಮಕ್ಕಳೇ, ಈ ಒಂದು ರಾತ್ರಿ ಕಾಯೋಕಾಗದೆ ನಿದ್ದೆ ಕೆಡಿಸಿಕೊಳ್ತಾರೆ. ಚೌತಿಯ ತಾರೀಕು ಗಟ್ಟಿ. ಮಳೆ ರಜೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ರಜೆಯ ಪಾಠವನ್ನು ಆಮೇಲೆ ಶನಿವಾರ ಮಧ್ಯಾಹ್ನ ತೀರಿಸಬೇಕು ಅನ್ನೋದು ಗೊತ್ತಿದ್ದರೂ ಅಷ್ಟೇ.

ಹೋದ ವರ್ಷ ದಸರಾ ರಜೆಯಲ್ಲಿ ಇದರ ಉಲ್ಟಾ ಆಯ್ತು. ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಇದ್ದ ರಜೆಯನ್ನು ಸಮೀಕ್ಷೆಯ ಕಾರಣಕ್ಕೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಶಿಕ್ಷಕರು ಮನೆ ಮನೆ ತಿರುಗ್ತಿದ್ದೆವು. ನಾನು ಹೋದ ಮನೆಗಳಲ್ಲಿ ಮಕ್ಕಳು ಮೊದಲ ದಿನ ಕುಣಿದಾಡಿದರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅಂಗಳದಲ್ಲಿ ಕೂತು, "ಶಾಲೆ ಯಾವಾಗ ಶುರು?" ಅಂತ ನನ್ನನ್ನೇ ಕೇಳೋಕೆ ಶುರು ಮಾಡಿದರು. ಅಪ್ಪ ಅಮ್ಮ ಗದ್ದೆಗೆ ಹೋಗಿರ್ತಾರೆ, ಆಡೋಕೆ ಜೊತೆಗಾರರು ದೂರದ ಮಜಿರೆಯಲ್ಲಿ. ಆ ಹನ್ನೊಂದು ದಿನದಲ್ಲಿ ಏನು ಮಾಡಿದಿರಿ ಅಂತ ಆಮೇಲೆ ಬರೆಸಿದೆ. ಹೆಚ್ಚಿನವರು ಬರೆದಿದ್ದು ಮೊದಲಿನ ದಸರಾ ರಜೆಯ ವಿಷಯ.

ಹಾಸ್ಟೆಲ್ಲಿನಲ್ಲಿ ಇರುವ ಒಬ್ಬ ಹುಡುಗಿಯ ಕಥೆ ಹೇಳ್ತೇನೆ. ನಾಲ್ಕನೇ ಕ್ಲಾಸು. ಮನೆಗೆ ಹೋಗೋಕೆ 30 ದಿನ ಇದೆ ಅಂತ ಗೊತ್ತಾದಾಗ ಡಬ್ಬಿಯಲ್ಲಿ 30 ಹುಣಸೆ ಬೀಜ ಹಾಕಿಟ್ಟುಕೊಂಡಳು. ದಿನಾ ರಾತ್ರಿ ಒಂದು ತೆಗೆದು ಕಿಟಕಿಯಿಂದ ಆಚೆ ಎಸೆಯೋದು. ಒಂದು ದಿನ ನೋಡಿದರೆ ಡಬ್ಬಿಯಲ್ಲಿ ಎರಡು ಬೀಜ ಕಡಿಮೆ ಇವೆ. ಗೆಳತಿಯರು "ಇವಳು ಮೋಸ ಮಾಡ್ತಿದ್ದಾಳೆ" ಅಂತ ದೂರು ತಂದರು. ಕೇಳಿದೆ, ಯಾಕೆ ಹೆಚ್ಚು ಎಸೆದೆ? ಬೀಜ ಎಸೆದರೆ ದಿನ ಬೇಗ ಬರಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಇಲ್ಲ ಅಕ್ಕೋರೆ, ಅಪ್ಪ ಫೋನ್ ಮಾಡಿದ್ರು. ಎರಡು ದಿನ ಮುಂಚೆನೇ ಬಂದು ಕರಕೊಂಡು ಹೋಗ್ತೇನೆ ಅಂದ್ರು" ಅಂದಳು. ಅವಳ ಡಬ್ಬಿಯ ಲೆಕ್ಕ ಸರಿಯಾಗೇ ಇತ್ತು. ಅಪ್ಪ ಹೇಳಿದ ದಿನಕ್ಕೆ ಬಂದರು ಕೂಡ.

ಆ ಅಪ್ಪ ಬಂದರು ಅಂತ ಎಲ್ಲರಿಗೂ ಬರೋಕಾಗುತ್ತೆ ಅಂತ ನಾನು ಹೇಳಲ್ಲ. ಬರೋಕಾಗದವರು ಏನು ಮಾಡಬಹುದು ಅನ್ನೋದಷ್ಟೇ ನನ್ನ ಮಾತು. ಈ ಪಾಡ್‌ಕಾಸ್ಟನ್ನು ಗೋವಾದಲ್ಲಿ, ಬೆಳಗಾವಿಯಲ್ಲಿ, ಬೆಂಗಳೂರಿನಲ್ಲಿ ಇರುವವರೂ ಕೇಳ್ತಾರೆ ಅಂತ ಗೊತ್ತು. ಈ ಸಲ ಚೌತಿ ಸೋಮವಾರ ಬಂದಿದೆ. ಶನಿವಾರ ಸಂಜೆ ಹೊರಟರೆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಇರಬಹುದು, ಒಂದೇ ದಿನ ರಜೆ ಕೇಳಿದರೆ ಸಾಕು. ರಜೆ ಖಾತ್ರಿ ಆದವರು ಮಗುವಿಗೆ ಬರುವ ವಾರ, ಬಸ್ಸಿನ ಹೊತ್ತು ಎರಡೂ ಹೇಳಿ. "ಹಬ್ಬಕ್ಕೆ ಬರ್ತೇನೆ" ಅಂದ್ರೆ ಅದು ಚೌತಿಯ ದಿನವೋ ಹಿಂದಿನ ದಿನವೋ ಮಗುವಿಗೆ ಗೊತ್ತಾಗಲ್ಲ, ಶುಕ್ರವಾರದಿಂದಲೇ ಬಸ್ ನಿಲ್ಲುವಲ್ಲಿ ಹೋಗಿ ನಿಲ್ಲುತ್ತೆ. ಇನ್ನೂ ಖಾತ್ರಿ ಇಲ್ಲದವರು "ಕೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ, ಗುರುವಾರ ರಾತ್ರಿ ಫೋನ್ ಮಾಡಿ ಹೇಳ್ತೇನೆ" ಅಂತ ಇದ್ದದ್ದನ್ನೇ ಹೇಳಿ. ಗುರುವಾರ ರಾತ್ರಿ ಫೋನ್ ಮಾಡಿ. ಬರಲ್ಲ ಅಂತ ಹೇಳೋದಾದರೂ ಮಾಡಿ. ಮಗು ಅಳುತ್ತೆ. ಅತ್ತು ಮಲಗುತ್ತೆ. ಶನಿವಾರ ಬೆಳಿಗ್ಗೆ ಅಜ್ಜನ ಜೊತೆ ಫಲಾವಳಿಗೆ ಕಾಯಿ ತರೋಕೆ ಕಾಡಿಗೆ ಹೋಗುತ್ತೆ.

ಎರಡನೇ ಕ್ಲಾಸಿನ ಹುಡುಗನಿಗೆ ಸೆಪ್ಟೆಂಬರ್ ಹಾಳೆಯ 14ರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ತೋರಿಸಿದ್ದೇನೆ. ಈಗ ದಿನಾ ಬಂದು ಆ ಹಾಳೆಯನ್ನು ಎತ್ತಿ, ಅಲ್ಲೇ ಇದೆಯಾ ಅಂತ ನೋಡಿ ಹೋಗ್ತಾನೆ.